ಯಾವ ಇಂಡಿಯನ್?

ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿರುವ ಕಲಾವಿದೆ ಅನ್ನು ಪಾಲಕ್ಕುನ್ನತು ಮ್ಯಾಥ್ಯೂ ಅವರ ‘ಆ್ಯನ್ ಇಂಡಿಯನ್ ಫ್ರಮ್ ಇಂಡಿಯಾ’ ಎಂಬ ಛಾಯಾಚಿತ್ರ ಸರಣಿಯನ್ನು ಈ ವಾರ ಮತ್ತೊಮ್ಮೆ ನೋಡಿದೆ. ತಾನು ಇಂಡಿಯನ್ ಎಂದು ಅಮೆರಿಕದಲ್ಲಿ ಹೇಳಿಕೊಂಡಾಗಲೆಲ್ಲ, ಅಲ್ಲಿನ ಮೂಲನಿವಾಸಿಯಲ್ಲ, ಇಂಡಿಯಾದಿಂದಲೇ ಬಂದ ಇಂಡಿಯನ್ ಎಂದು ಬಿಡಿಸಿ ಹೇಳಬೇಕಾಗಿ ಬಂದದ್ದೇ ಆ ಸರಣಿಗೆ ಕಾರಣ. 1492ರಲ್ಲಿ ದಾರಿ ತಪ್ಪಿ ಬಂದ ಕೊಲಂಬಸ್ ಎದುರಿಗೆ ಕಂಡ ಜನರಿಗೆ ಇಟ್ಟ ಹೆಸರು ಐನೂರು ವರ್ಷ ದಾಟಿದರೂ ಇಬ್ಬರ ಬೆನ್ನನ್ನೂ ಬಿಟ್ಟಿಲ್ಲ.

ಸರಣಿಯಲ್ಲಿ ಚಿತ್ರಗಳು ಜೋಡಿಯಾಗಿವೆ. ಒಂದು ಕಡೆ ಮೂಲನಿವಾಸಿಯೊಬ್ಬರ ಹಳೆಯ ಫೋಟೊ, ಪಕ್ಕದಲ್ಲಿ ಅದೇ ಭಂಗಿಯಲ್ಲಿ, ಅದೇ ಕಂದುಬಣ್ಣದ ಛಾಯೆಯಲ್ಲಿ ಕುಳಿತ ಮ್ಯಾಥ್ಯೂ. ಗರಿ ಸಿಕ್ಕಿಸಿಕೊಂಡವರು ‘ಫೆದರ್ ಇಂಡಿಯನ್’, ಬೊಟ್ಟಿಟ್ಟುಕೊಂಡವರು ‘ಡಾಟ್ ಇಂಡಿಯನ್’.

ಇದನ್ನು ವೇಷದಾಟವೆಂದು ತಳ್ಳಿಹಾಕುವವರು ಆ ಹಳೆಯ ಫೋಟೊಗಳು ತಯಾರಾದ ಬಗೆಯನ್ನು ತಿಳಿಯಬೇಕು. 1907ರಿಂದ 1930ರವರೆಗೆ 20 ಸಂಪುಟಗಳಲ್ಲಿ ಮೂಲನಿವಾಸಿಗಳ ಚಿತ್ರಗಳನ್ನು ಪ್ರಕಟಿಸಿದ ಎಡ್ವರ್ಡ್ ಕರ್ಟಿಸ್, ಪೀಗನ್ ಬುಡಕಟ್ಟಿನ ಇಬ್ಬರು ಗುಡಾರದಲ್ಲಿ ಕುಳಿತಿರುವ ಚಿತ್ರವೊಂದನ್ನು ತೆಗೆದಿದ್ದರು. ಮೂಲ ನೆಗೆಟಿವ್‌ನಲ್ಲಿ ಅವರಿಬ್ಬರ ನಡುವೆ ಒಂದು ಗಡಿಯಾರವಿದೆ. ಅಚ್ಚಾದ ಚಿತ್ರದಲ್ಲಿ ಅದನ್ನು ಅಳಿಸಲಾಗಿದೆ. ಅಳಿದುಹೋಗುತ್ತಿರುವ ಜನಾಂಗವೆಂದು ತೋರಿಸಬೇಕಾದವರ ಕೈಯಲ್ಲಿ ಗಡಿಯಾರ ಇರಕೂಡದಿತ್ತು. ನಮ್ಮಲ್ಲೂ ಬ್ರಿಟಿಷರು 1868ರಿಂದ 1875ರ ನಡುವೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳಲ್ಲಿ ಜಾತಿ, ಬುಡಕಟ್ಟುಗಳನ್ನು ಮಾದರಿಗಳಂತೆ ಜೋಡಿಸಿಟ್ಟರು. ಎರಡು ಖಂಡಗಳಲ್ಲಿ ಕ್ಯಾಮೆರಾ ಹಿಡಿದವರ ಕಣ್ಣು ಒಂದೇ ಆಗಿತ್ತು ಎಂಬುದನ್ನು ಮ್ಯಾಥ್ಯೂ ಒಂದು ಮಾತೂ ಆಡದೆ ತೋರಿಸಿಕೊಡುತ್ತಾರೆ.

ಆದರೂ ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿತು. ತಾನಾಗಿ ವಲಸೆ ಹೋದ ಕಲಾವಿದೆಯ ಇರಿಸುಮುರಿಸನ್ನು, ಸ್ವಂತ ನೆಲದಲ್ಲೇ ನೆಲೆ ಕಳೆದುಕೊಂಡವರ ನೋವಿನ ಪಕ್ಕದಲ್ಲಿಡುವುದು ನ್ಯಾಯವೇ? ಎರಡೂ ಒಂದೇ ತೂಕದವಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮ್ಯಾಥ್ಯೂ ತಮ್ಮ ವೇಷ ವೇಷವೆಂದು ಎದ್ದು ಕಾಣುವಂತೆಯೇ ಕುಳಿತಿದ್ದಾರೆ, ಹಾಗಾಗಿ ಪಕ್ಕದ ಚಿತ್ರದ ಮೇಲೂ ಅನುಮಾನ ಮೂಡಿ, ಆ ಬಟ್ಟೆಯನ್ನು ಇವರಿಗೆ ಯಾರು ತೊಡಿಸಿದರು, ಹಾಗೆ ಕುಳಿತುಕೊಳ್ಳಲು ಯಾರು ಹೇಳಿದರು ಎಂದು ನೋಡುಗರು ಕೇಳತೊಡಗುತ್ತಾರೆ. ನನ್ನ ಮಟ್ಟಿಗೆ ಈ ಕೆಲಸದ ಪ್ರಾಮಾಣಿಕತೆ ಇರುವುದು ಅಲ್ಲೇ.

ಮ್ಯಾಥ್ಯೂ ಅವರದೇ ಇನ್ನೊಂದು ಸರಣಿ ‘ರೀ-ಜನರೇಷನ್’ ನನಗೆ ಇದಕ್ಕಿಂತ ಹತ್ತಿರದ್ದು. ಒಂದು ಕುಟುಂಬದ ಹಳೆಯ ಫೋಟೊ ತೆಗೆದುಕೊಂಡು, ನಂತರದ ತಲೆಮಾರಿನ ಹೆಣ್ಣುಮಕ್ಕಳನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ, ಒಂದು ಮುಖ ಇನ್ನೊಂದರಲ್ಲಿ ನಿಧಾನವಾಗಿ ಕರಗುವಂತೆ ಅವರು ಜೋಡಿಸುತ್ತಾರೆ. ಸೀರೆ ಹೋಗಿ ಪ್ಯಾಂಟು ಬರುತ್ತದೆ, ಆದರೆ ದವಡೆಯ ಗೆರೆ ಹಾಗೇ ಉಳಿದಿರುತ್ತದೆ.

ನಮ್ಮ ಅಜ್ಜಿಯ ಊರು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಡೆಯಾಯಿತು. ‘ಯಾವೂರಾಯ್ತು?’ ಎಂದು ಯಾರಾದರೂ ಕೇಳಿದರೆ ಅವರು ಕೊನೆಯವರೆಗೂ ಹೇಳುತ್ತಿದ್ದುದು ಆ ಮುಳುಗಿದ ಊರಿನ ಹೆಸರನ್ನೇ. ಊರು ಬಿಡುವ ಮುನ್ನ ಸಾಗರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಅವರ ಫೋಟೊ ನಮ್ಮಲ್ಲಿದೆ. ಹಿಂದಿನ ಪರದೆಯ ಮೇಲೆ ಅವರು ಎಂದೂ ಕಾಣದ ಅರಮನೆಯೊಂದರ ಮೆಟ್ಟಿಲುಗಳಿವೆ. ಕಳೆದ ಭಾನುವಾರ ಮಗಳನ್ನು ಹಾಗೆಯೇ ನಿಲ್ಲಿಸಿ ಫೋಟೊ ತೆಗೆಯಲು ಹೊರಟಾಗ, ಎಡಗೈ ಎಲ್ಲಿಡಲಿ ಎಂದು ಅವಳು ಕೇಳಿದಳು. ಆಗ ಹಳೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಅಜ್ಜಿ ಕುರ್ಚಿಯ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಬೆರಳಿನ ಗಿಣ್ಣುಗಳು ಬೆಳ್ಳಗಾಗಿದ್ದವು.