ಖಜಾನೆಯ ಚಟ

ಕುಡುಕರಿಗೊಂದು ಸಿಹಿ ಸುದ್ದಿ. 1988ರಲ್ಲೇ ಷಿಕಾಗೋ ಬಿಟ್ಟದ್ದು, ಕೊಡಗಿನ ಗೋಣಿಕೊಪ್ಪ ತಲುಪುವಾಗ ಸ್ವಲ್ಪ ತಡವಾಗಿದೆ. ನೀವು ಕುಡಿಯುವುದು ಚಪಲಕ್ಕಲ್ಲವಂತೆ, ಲೆಕ್ಕ ಹಾಕಿಯಂತೆ. ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ ಎಂಬ ಇಬ್ಬರು ಷಿಕಾಗೋ ಅರ್ಥಶಾಸ್ತ್ರಜ್ಞರು ಇದನ್ನು ಸಮೀಕರಣ ಸಮೇತ ಬರೆದಿಟ್ಟಿದ್ದಾರೆ. ಬೆಕರ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಬರೀ ಚಟಕ್ಕಲ್ಲ ಬಿಡಿ, ಮದುವೆ, ಮಕ್ಕಳು, ಕಳ್ಳತನ ಎಲ್ಲವನ್ನೂ ಅವರು ಲಾಭನಷ್ಟದ ತಕ್ಕಡಿಗೆ ಹಾಕಿದ್ದರು.

ವಾದ ಇಷ್ಟೇ. ಚಟಗಾರನಿಗೆ ಎಲ್ಲ ಗೊತ್ತಿರುತ್ತದೆ. ಇವತ್ತು ಒಂದು ಕ್ವಾರ್ಟರ್ ಹಾಕಿದರೆ ನಾಳೆ ಆಸೆ ಜಾಸ್ತಿಯಾಗುತ್ತದೆ, ಮುಂದೊಂದು ದಿನ ಲಿವರ್ ಕೈಕೊಡುತ್ತದೆ. ಇದನ್ನೆಲ್ಲ ಕೂಡಿಸಿ ಕಳೆದು, ಇಡೀ ಆಯುಸ್ಸಿನ ಸುಖದ ಮೊತ್ತ ನೋಡಿಕೊಂಡೇ ಅವನು ಮುಚ್ಚಳ ತಿರುಗಿಸುತ್ತಾನೆ. ಸುಖವಾಗಿದ್ದಾನೆ ಅಂತಲ್ಲ. ಕುಡಿಯಲು ಬಿಡದಿದ್ದರೆ ಇನ್ನೂ ಕಷ್ಟದಲ್ಲಿರುತ್ತಿದ್ದ, ಅಷ್ಟೇ.

ಭಾನುವಾರ ಗೋಣಿಕೊಪ್ಪದ ಸಂತೆಗೆ ಬನ್ನಿ. ತೋಟದ ಆಳುಗಳ ಲೈನ್ ಮನೆಯಿಂದ ಬಂದವನೊಬ್ಬ ಮಧ್ಯಾಹ್ನ ಎರಡಕ್ಕೇ ಚರಂಡಿ ಪಕ್ಕ ಮಲಗಿರುತ್ತಾನೆ. ಚೀಲದಿಂದ ಒಣಮೀನು ಹೊರಬಿದ್ದಿದೆ, ನಾಯಿಯೊಂದು ಅದನ್ನೇ ನೋಡುತ್ತಿದೆ. ಅಯ್ಯೋ ಪಾಪ ಅನ್ನಬೇಡಿ. ಅವನು ತನ್ನ ಜೀವಮಾನದ ಯೋಜನೆಯಲ್ಲಿ ಈ ಭಾನುವಾರದ ಕಂತನ್ನು ಜಾರಿಗೆ ತರುತ್ತಿದ್ದಾನೆ. ಎಬ್ಬಿಸಿದರೆ ಲೆಕ್ಕ ತಪ್ಪುತ್ತದೆ.

ಈ ಸಿದ್ಧಾಂತ ಮಡಿಕೇರಿಯ ವರಾಂಡಾಗಳಲ್ಲಿ ಬಹಳ ಬೇಗ ಪಾಸಾಗುತ್ತದೆ. ಹೊರಗೆ ಧೋ ಅಂತ ಮಳೆ, ತಟ್ಟೆಯಲ್ಲಿ ಪಂದಿಕರಿ, ಎದುರಿಗೆ ಮಿಲಿಟರಿ ಕ್ಯಾಂಟೀನಿನ ರಮ್ಮು. "ಅವನ ದುಡ್ಡು, ಅವನ ಆಯ್ಕೆ" ಅಂತಾರೆ. ಚರಂಡಿ ಪಕ್ಕ ಮಲಗದವರಿಗೆ ಆಯ್ಕೆ ಅನ್ನುವುದು ತುಂಬಾ ಇಷ್ಟ. ಅದೇ ಆಳು ಸೋಮವಾರ ಕಾಫಿ ಕುಯ್ಲಿಗೆ ಬರದಿದ್ದರೆ ಮಾತ್ರ ಆಯ್ಕೆ ಹೋಗಿ "ಬೇವರ್ಸಿ ಕುಡುಕ" ಆಗಿಬಿಡುತ್ತದೆ.

ಒಂದು ತೊಡಕಿದೆ. ಇದೇ ಮನುಷ್ಯ ಬಟವಾಡೆಯ ದಿನ ತೋಟದ ಲೆಕ್ಕ ಬರೆಯುವ ರೈಟರ ಮುಂದೆ ತಲೆ ಕೆರೆದುಕೊಂಡು ನಿಲ್ಲುತ್ತಾನೆ: "ದುಡ್ಡು ನನ್ನ ಕೈಗೆ ಬೇಡ ಸಾರ್, ಅವಳ ಕೈಗೆ ಕೊಡಿ." ಇಷ್ಟು ಪಕ್ಕಾ ಲೆಕ್ಕದವನು ತನ್ನ ದುಡ್ಡನ್ನು ತನ್ನಿಂದಲೇ ಯಾಕೆ ಬಚ್ಚಿಡಬೇಕು? ಸಿದ್ಧಾಂತದ ಪ್ರಕಾರ ಇವತ್ತು ಅವನು ಹಾಕಿಕೊಂಡ ಪ್ಲಾನನ್ನು ನಾಳೆ ಅವನೇ ಮುರಿಯುವುದಿಲ್ಲ. ಬೀಗದ ಅಗತ್ಯವೇ ಇಲ್ಲ. ಜೊನಾಥನ್ ಗ್ರೂಬರ್ ಮತ್ತು ಬೋಟೊಂಡ್ ಕೊಸೆಗಿ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಸಿಗರೇಟಿನ ವಿಚಾರದಲ್ಲಿ ಎತ್ತಿದ ತಕರಾರು ಇದೇ ಜಾತಿಯದು: ಜನ ಮುಂದಿನದನ್ನು ಯೋಚಿಸುತ್ತಾರೆ, ಆದರೆ ನಾಳೆ ಬಿಡುತ್ತೇನೆ ಅಂದದ್ದನ್ನು ನಾಳೆ ಬಿಡುವುದಿಲ್ಲ. ಅಷ್ಟಕ್ಕೆ ಹದಿಮೂರು ವರ್ಷ ಹಿಡಿಯಿತು. ಅಕ್ಕಿ ಡಬ್ಬದಲ್ಲಿ ನೋಟು ಹೂತಿಡುವ ಅವನ ಹೆಂಡತಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು.

ಹಾಗಾದರೆ ಸಿದ್ಧಾಂತ ಸುಳ್ಳಾ? ಛೆ, ನೊಬೆಲ್ ಬಂದವರನ್ನು ಹಾಗೆಲ್ಲ ಅನ್ನಬಾರದು. ಲೆಕ್ಕ ಬಲ್ಲ ಚಟಗಾರ ಖಂಡಿತ ಇದ್ದಾನೆ. ನಾವು ಸುಮ್ನೆ ಸಂತೆಯಲ್ಲಿ ಹುಡುಕಿದೆವು. ಅವನಿರುವುದು ವಿಧಾನಸೌಧದಲ್ಲಿ.

ನಿನ್ನೆಯ ಡೋಸು ಇವತ್ತಿಗೆ ಸಾಲದಿದ್ದರೆ ಅದು ಚಟ ಅಲ್ವಾ? ಅಬಕಾರಿಯಿಂದ ಇಷ್ಟು ಬರಲೇಬೇಕು ಅಂತ ನಮ್ಮ ಖಜಾನೆ ಇಟ್ಟುಕೊಂಡ ಗುರಿ 2023-24ರಲ್ಲಿ 36,000 ಕೋಟಿ ರೂಪಾಯಿ. ಮರುವರ್ಷ 38,525 ಕೋಟಿ. 2025-26ಕ್ಕೆ 40,000 ಕೋಟಿ. ಬಿಟ್ಟೆ ಅಂತ ಹೇಳಿ ಬ್ರಾಂಡ್ ಬದಲಿಸುವ ಅಭ್ಯಾಸವೂ ಇದೆ. 2007ರಲ್ಲಿ ಸಾರಾಯಿ ನಿಷೇಧವಾಯಿತು, ಈಗ ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಯಲ್ಲಿ ಬಾಟಲಿ ಸಿಗುತ್ತದೆ. ಜೊತೆಗೆ ಸರ್ಕಾರದ್ದೇ ಮದ್ಯಪಾನ ಸಂಯಮ ಮಂಡಳಿಯೂ ಇದೆ. ಗ್ಲಾಸು ಕೆಳಗಿಡದೆ "ಕುಡಿತ ಒಳ್ಳೇದಲ್ಲ ಕಣೋ" ಅಂತ ಬುದ್ಧಿ ಹೇಳುವ ಮಾವ ಮನೆಗೊಬ್ಬ ಇರುತ್ತಾನಲ್ಲ, ಹಾಗೆ.

ಬೆಲೆ ಇನ್ನು ಇಳಿಯುವುದಿಲ್ಲ ಅಂತ ಗೊತ್ತಾದರೆ ಚಟಗಾರ ಕಡಿಮೆ ಮಾಡುತ್ತಾನೆ ಅಂತ ಬೆಕರ್ ನಂಬಿದ್ದರು. 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕ ಶೇ. 20ರಷ್ಟು ಏರಿತು. ಜೊತೆಗೆ ವಸೂಲಿ ಗುರಿಯೂ ಏರಿತು. ಇವನು ಬಿಡುವವನಲ್ಲ ಎಂಬ ಧೈರ್ಯ! ಆಮೇಲೆ ಆ ದುಡ್ಡು ಸುತ್ತಿ ಬಳಸಿ, ಗೃಹಲಕ್ಷ್ಮಿ ಹೆಸರಲ್ಲಿ ತಿಂಗಳಿಗೆ 2,000 ಆಗಿ ಅವನ ಹೆಂಡತಿಯ ಖಾತೆಗೇ ಬರುತ್ತದೆ. ರೈಟರಿಗೆ ಹೇಳಿದ್ದ ಕೆಲಸವನ್ನು ಸರ್ಕಾರವೇ ಮಾಡಿಕೊಟ್ಟಂತಾಯಿತು, ಸ್ವಲ್ಪ ಕಮಿಷನ್ ಹಿಡಿದುಕೊಂಡು.

ಗಟ್ಟಿ ಚಟವನ್ನು ನಿಧಾನಕ್ಕೆ ಬಿಡಲಾಗುವುದಿಲ್ಲ, ಒಂದೇ ಏಟಿಗೆ ಬಿಡಬೇಕು ಅಂತಲೂ ಬೆಕರ್-ಮರ್ಫಿ ಪ್ರಬಂಧದಲ್ಲಿದೆ. ಖಜಾನೆ ಅದನ್ನೂ ಪಾಲಿಸುತ್ತದೆ. ಅಕ್ಟೋಬರ್ 2ರಂದು ಗಾಂಧೀಜಿ ಹೆಸರಲ್ಲಿ ಒಂದೇ ಏಟಿಗೆ ಬಿಡುತ್ತದೆ. ನಷ್ಟವೇನೂ ಇಲ್ಲ, 1ನೇ ತಾರೀಕು ಸಂಜೆಯ ಕ್ಯೂನಲ್ಲೇ ಎರಡು ದಿನದ್ದು ಬಂದಿರುತ್ತದೆ.