ಓದುವ ಕಷ್ಟ ತಪ್ಪಿತು

ನನ್ನ ರೆಫರೆನ್ಸ್ ಸಾಫ್ಟ್‌ವೇರ್‌ನಲ್ಲಿ ಸಂಶೋಧನಾ ಪೇಪರ್‌ಗಳ 1,400 ಪಿಡಿಎಫ್ ಇವೆ. ಓದಿದ್ದು ಎಷ್ಟು ಅಂತ ಮಾತ್ರ ಕೇಳಬೇಡಿ. ಹೆಸರು ಗೊತ್ತು, ಇಸವಿ ಗೊತ್ತು, ಯಾವ ಫೋಲ್ಡರ್‌ನಲ್ಲಿದೆ ಅಂತಲೂ ಗೊತ್ತು. ಇಷ್ಟು ಪರಿಚಯ ಸಾಲದಾ?

ಮೊದಲೆಲ್ಲ ಈ ಸಾಫ್ಟ್‌ವೇರ್, ಪಾಪ, ಗುಮಾಸ್ತನ ಕೆಲಸ ಮಾಡಿಕೊಂಡಿತ್ತು. ಲೇಖಕರ ಹೆಸರು, ಸಂಪುಟ, ಪುಟಸಂಖ್ಯೆ ಜೋಡಿಸಿ ಕೊಡುತ್ತಿತ್ತು. ಉಲ್ಲೇಖದ ಶೈಲಿ ಎಪಿಎ ಅಂದರೆ ಎಪಿಎ, ವ್ಯಾಂಕೂವರ್ ಅಂದರೆ ವ್ಯಾಂಕೂವರ್. ಹೋದ ಅಪ್‌ಡೇಟ್‌ನಲ್ಲಿ ಗುಮಾಸ್ತನಿಗೆ ಬಡ್ತಿ ಸಿಕ್ಕಿದೆ. ಮೂಲೆಯಲ್ಲಿ ಎಐನ ಮಿನುಗುವ ನಕ್ಷತ್ರವೊಂದು ಬಂದಿದೆ. ಒತ್ತಿದರೆ 32 ಪುಟದ ಪೇಪರ್ ಐದೇ ಸಾಲಾಗುತ್ತದೆ.

ಒತ್ತಿದೆ. "ಈ ಔಷಧದಿಂದ ನಿದ್ದೆ ಸುಧಾರಿಸಿತು" ಎಂದಿತು. ಯಾಕೋ ಅನುಮಾನ ಬಂದು ಪೇಪರ್ ತೆರೆದೆ. ಫಲಿತಾಂಶ ಬರೀ ಆಕಸ್ಮಿಕವಾ ಅಂತ ಅಂದಾಜಿಸಲು ನೋಡುವ ಪಿ ಮೌಲ್ಯ 0.31, ಅಂದರೆ ತೀರಾ ಜಾಸ್ತಿ. "ನಿದ್ದೆ ಸುಧಾರಿಸಿದಂತೆ ಕಂಡಿತು, ಆದರೆ ಅದು ಬರೀ ಆಕಸ್ಮಿಕವೂ ಇರಬಹುದು" ಎಂದು ಲೇಖಕರೇ ಬರೆದುಕೊಂಡಿದ್ದಾರೆ. ಸಂಶೋಧಕರ ಜೀವವೆಲ್ಲ ಇರುವುದೇ ಆ 'ಆದರೆ'ಯಲ್ಲಿ. ನಕ್ಷತ್ರ ಅದನ್ನೇ ನುಂಗಿತ್ತು.

"ಸುಧಾರಿಸಿತು ಅಂತ ಖಚಿತವಾಗಿಲ್ಲವಲ್ಲ?" ಎಂದು ಕೇಳಿದೆ. "ಕ್ಷಮಿಸಿ, ನೀವು ಹೇಳಿದ್ದು ಸರಿ" ಎಂದಿತು. ನೋಡೋಣ ಅಂತ ಸುಮ್ನೆ ಒಂದು ಸುಳ್ಳು ಹೇಳಿದೆ: "ನಿಜವಾಗಿ ನಿದ್ದೆ ಕೆಟ್ಟಿತು, ಅಲ್ವಾ?" "ಕ್ಷಮಿಸಿ, ನೀವು ಹೇಳಿದ್ದು ಸರಿ." ಪಿಎಚ್‌ಡಿ ಮುಗಿಯುವವರೆಗೂ ನನ್ನ ಗೈಡ್ ಬಾಯಲ್ಲಿ ಒಮ್ಮೆಯೂ ಕೇಳದ ಮಾತು ಎರಡು ನಿಮಿಷದಲ್ಲಿ ಎರಡು ಸಲ ಸಿಕ್ಕಿತು. ಚಂದಾ ಹಣ ಬಹುಶಃ ಇದಕ್ಕೇ.

ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲಿತ್ತು: ಉತ್ತರ ತಪ್ಪಿರಬಹುದು, ಮೂಲವನ್ನು ಓದಿ ಪರಿಶೀಲಿಸಿ. ಓದುವುದನ್ನು ತಪ್ಪಿಸಿಕೊಳ್ಳಲು ಮಾಡಬೇಕಾದ್ದು ಇಷ್ಟೇ. ಪೂರ್ತಿ ಓದಬೇಕು.

ಹಾಗಂತ ಯಂತ್ರವನ್ನೇ ಬಯ್ಯುವುದು ಅನ್ಯಾಯ. ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು, 2023ರಲ್ಲಿ ನ್ಯೂಯಾರ್ಕಿನ ವಕೀಲರು 5,000 ಡಾಲರ್ ದಂಡ ತೆತ್ತರು. ನಾವೆಲ್ಲ ನಕ್ಕೆವು. ಆದರೆ ನಮ್ಮ ಮನೆಯ ಕಥೆ? ಎಲ್ಸೆವಿಯರ್ ಪ್ರಕಾಶಕರು ಉಲ್ಲೇಖ ಬರೆಯುವುದು ಹೇಗೆ ಅಂತ ತೋರಿಸಲು, ಮಾದರಿಗೆಂದು, ಇಲ್ಲದ ಲೇಖನವೊಂದರ ವಿವರ ಕೊಟ್ಟಿದ್ದರು. ವಾನ್ ಡೆರ್ ಗೀರ್ ಮತ್ತಿಬ್ಬರು ಬರೆದದ್ದು, ಇಸವಿ 2000. ಲೇಖನವೂ ಇಲ್ಲ, ಆ ಪತ್ರಿಕೆಯೂ ಇಲ್ಲ. 2017ರಲ್ಲಿ ನೋಡಿದರೆ, ಹತ್ತಿರ ಹತ್ತಿರ 400 ಪೇಪರ್‌ಗಳು ಅದನ್ನು ಉಲ್ಲೇಖಿಸಿದ್ದವು. ಆಗ ಚಾಟ್‌ಜಿಪಿಟಿ ಇನ್ನೂ ಹುಟ್ಟಿರಲಿಲ್ಲ. ಎಲ್ಲ ಅಪ್ಪಟ ಕೈಕೆಲಸ.

ಎಐ ಲೇಖಕನಾಗುವಂತಿಲ್ಲ ಎಂದು ಪ್ರಕಟಣಾ ನೀತಿಯ ಸಮಿತಿ 'ಕೋಪ್' 2023ರಲ್ಲೇ ಹೇಳಿದೆ. ಬರೆದದ್ದಕ್ಕೆ ಅದು ಜವಾಬ್ದಾರಿ ಹೊರಲಾರದಂತೆ. ನಿಯಮ ಯಂತ್ರಕ್ಕೆ ಮಾತ್ರ ಅಂತ ತಿಳಿದು ನನ್ನ ಸಹಲೇಖಕರಲ್ಲಿ ಇಬ್ಬರು ನೆಮ್ಮದಿಯ ನಿಟ್ಟುಸಿರು ಬಿಟ್ಟರು.

ಮೊನ್ನೆ ಯಾರೋ ನನ್ನ ಪೇಪರ್ ಉಲ್ಲೇಖಿಸಿದ್ದಾರೆ ಅಂತ ಮೇಲ್ ಬಂತು. ಖುಷಿಯಿಂದ ತೆರೆದೆ. ನಾನು ಏನೋ ಒಂದನ್ನು ಸಾಬೀತು ಮಾಡಿದ್ದೇನೆ ಅಂತ ಬರೆದಿದ್ದರು. ನಾನು ಹಾಗೆ ಹೇಳಿರಲಿಲ್ಲ ಅನ್ನಿಸಿತು. ಹೇಳಿದ್ದೆನಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. 18 ಪುಟ, ರಾತ್ರಿ ಬೇರೆ ಆಗಿತ್ತು.

ನಕ್ಷತ್ರ ಒತ್ತಿದೆ.