ತರಗತಿಯ ತಂಟೆಗೆ ಮನೆಯವರನ್ನು ಕರೆಯಬೇಕೇ?

ಪ್ರಶ್ನೆ: ವಿದ್ಯಾರ್ಥಿಗಳ ನಡವಳಿಕೆ ತಿದ್ದಲು ಶಾಲೆ, ಕುಟುಂಬ ಮತ್ತು ಸಮುದಾಯ ಕೈಜೋಡಿಸಬೇಕೇ?

ಪರ: ಮೂರು ಕಡೆಯೂ ಒಂದೇ ಮಾತಿರಲಿ

ಹೌದು ಎಂದು ವಾದಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಸಭೆ, ಸಮಿತಿ, ಸುತ್ತೋಲೆಗಳ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಪೋಷಕರ ಸಭೆಗಳು ಅಂಕಪಟ್ಟಿಗೆ ಸಹಿ ಹಾಕಿಸಿಕೊಳ್ಳುವುದರಲ್ಲೇ ಮುಗಿದುಹೋಗುವುದನ್ನು ಬಲ್ಲೆ. ಆದರೂ ಮೂಲ ಮಾತನ್ನು ಒಪ್ಪುತ್ತೇನೆ. ಕಾರಣ ಒಂದು ಸರಳ ಲೆಕ್ಕ.

ವರ್ಷಕ್ಕೆ 8,760 ಗಂಟೆಗಳು. ದಿನಕ್ಕೆ 6 ಗಂಟೆಯಂತೆ 200 ದಿನ ಶಾಲೆ ನಡೆದರೆ 1,200 ಗಂಟೆ. ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು. ಮಿಕ್ಕ ಆರು ಪಾಲು ಹೊತ್ತು ಮಗು ನಿದ್ದೆಯೂ ಸೇರಿದಂತೆ ಮನೆಯಲ್ಲಿ, ಬೀದಿಯಲ್ಲಿ, ಆಟದ ಬಯಲಿನಲ್ಲಿ ಇರುತ್ತದೆ. ಆ ಆರು ಪಾಲನ್ನು ಪಕ್ಕಕ್ಕಿಟ್ಟು ನಡತೆ ತಿದ್ದುತ್ತೇವೆಂದು ಹೊರಡುವುದು ಹೇಗೆ? ಶಾಲೆಯಲ್ಲಿ 'ಕೈ ಎತ್ತಬೇಡ, ಬಾಯಲ್ಲಿ ಹೇಳು' ಎಂದು ಕಲಿಸಿ, ಮನೆಯಲ್ಲಿ 'ಹೊಡೆದವನಿಗೆ ಎರಡು ಬಿಟ್ಟು ಬಾ' ಎಂದರೆ ಮಗು ಯಾರ ಮಾತು ಕೇಳಬೇಕು? ಮಗು ಬದುಕುವ ತಾಣಗಳು ಎಷ್ಟು ಮುಖ್ಯವೋ ಆ ತಾಣಗಳ ನಡುವಣ ನಂಟೂ ಅಷ್ಟೇ ಮುಖ್ಯ ಎಂದು ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನ್ನರ್ 1979ರಲ್ಲೇ ಪ್ರತಿಪಾದಿಸಿದ್ದರು.

ಇದನ್ನು ಮಾಡಿ ತೋರಿಸಿದವರೂ ಇದ್ದಾರೆ. ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ಅಮೆರಿಕದ ನ್ಯೂಹೇವನ್ ನಗರದ ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಶುರುಮಾಡಿದರು. ಓದು, ಹಾಜರಿ, ಶಿಸ್ತು ಎಲ್ಲದರಲ್ಲೂ ಹಿಂದುಳಿದಿದ್ದ ಬಡ ಮಕ್ಕಳ ಶಾಲೆಗಳವು. ಮುಖ್ಯ ಶಿಕ್ಷಕರು, ಶಿಕ್ಷಕರು, ಪೋಷಕರು, ಮಾನಸಿಕ ಆರೋಗ್ಯ ಸಿಬ್ಬಂದಿ ಒಂದೇ ಮೇಜಿನ ಸುತ್ತ ಕುಳಿತರು. ಅಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ತೀರ್ಮಾನ ಒಮ್ಮತದಿಂದಲೇ ಆಗಬೇಕಿತ್ತು. ನಡವಳಿಕೆಯ ಸಮಸ್ಯೆಗಳು ಇಳಿದವು, ಹಾಜರಿ ಏರಿತು, ಮುಂದೆ ಓದೂ ಸುಧಾರಿಸಿತು. ಆದರೆ ಇದಕ್ಕೆ ವರ್ಷಗಳೇ ಹಿಡಿದವು ಎಂಬುದನ್ನು ಮರೆಯಬಾರದು.

ಅಷ್ಟು ದೊಡ್ಡದಾಗಿ ಅಲ್ಲದಿದ್ದರೆ ಚಿಕ್ಕದಾಗಿಯೂ ಮಾಡಬಹುದು. ಹಲವು ಶಾಲೆಗಳಲ್ಲಿ ಬಳಕೆಯಲ್ಲಿರುವ ದಿನದ ಕಾರ್ಡನ್ನೇ ನೋಡಿ. ಬೆಳಿಗ್ಗೆ ಮಗು ಶಾಲೆಯ ಒಬ್ಬ ಹಿರಿಯರನ್ನು ಕಂಡು ಕಾರ್ಡು ಪಡೆಯುತ್ತದೆ. ಪ್ರತಿ ಅವಧಿಯ ಕೊನೆಗೆ ಶಿಕ್ಷಕರು 0, 1 ಅಥವಾ 2 ಎಂದು ಅಂಕ ಹಾಕುತ್ತಾರೆ. ಸಂಜೆ ಅದೇ ಹಿರಿಯರೊಂದಿಗೆ ಕೂಡಿ ನೋಡಿದ ಮೇಲೆ ಕಾರ್ಡು ಮನೆಗೆ ಹೋಗಿ, ಸಹಿಯೊಂದಿಗೆ ಮರಳುತ್ತದೆ. ಮನೆಯವರು ಮಾಡಬೇಕಾದ್ದು ನೋಡಿ ಒಂದು ಒಳ್ಳೆಯ ಮಾತಾಡುವುದು, ಅಷ್ಟೇ.

ಮನೆಯವರನ್ನು ಒಳಗೆ ಬಿಟ್ಟರೆ ಮಗುವಿಗೆ ಏಟು ಬೀಳುತ್ತದೆ ಎಂದು ಹೆದರಿಸುವವರಿದ್ದಾರೆ. ಎಲ್ಲ ತಂದೆ ತಾಯಿಯರನ್ನೂ ದಂಡ ಹಿಡಿದು ಕುಳಿತವರಂತೆ ಕಾಣುವುದು ಸರಿಯಲ್ಲ. ಮಗುವಿನ ಮೇಲೆ ಅವರಿಗಿಂತ ಹೆಚ್ಚಿನ ಅಕ್ಕರೆ ಇನ್ನಾರಿಗಿದೆ?

ವಿರೋಧ: ಮೊದಲು ತರಗತಿಯೊಳಗೆ ನೋಡಿ

ತರಗತಿಯಲ್ಲಿ ಹುಟ್ಟುವ ತಂಟೆಯ ಬೇರು ತರಗತಿಯಲ್ಲೇ ಇರುತ್ತದೆ. ಪಾಠ ಹೇಳಿದ ಇಷ್ಟೂ ವರ್ಷಗಳಲ್ಲಿ ನನಗೆ ಮನದಟ್ಟಾದ ಸಂಗತಿ ಇದು. 'ಪಾಲುದಾರಿಕೆ' ಎಂಬ ಹೆಸರಿಟ್ಟುಕೊಂಡು ನಡೆಯುವ ಕೆಲಸ ಬಹುಪಾಲು ದೂರಿನ ರವಾನೆ. ಶಿಕ್ಷಕರು ಮನೆಗೆ ದೂರುತ್ತಾರೆ, ಮನೆಯವರು ಮಗುವಿಗೆ ಗದರುತ್ತಾರೆ, ಮಗು ಮರುದಿನ ಅದೇ ಬೆಂಚಿಗೆ, ಅದೇ ಪಾಠಕ್ಕೆ, ಅದೇ ಭಯಕ್ಕೆ ಮರಳುತ್ತದೆ.

ಐದನೆಯ ತರಗತಿಯ ಹುಡುಗನೊಬ್ಬನ ವಿಷಯ ಹೇಳಲೇಬೇಕು. ಭಾಷಾ ಪಾಠದ ಅವಧಿ ಬಂತೆಂದರೆ ಪಕ್ಕದವನ ಪುಸ್ತಕ ಕೆಳಗೆ ತಳ್ಳುತ್ತಿದ್ದ, ಬೆಂಚು ಅಲ್ಲಾಡಿಸುತ್ತಿದ್ದ, ಗದರಿದರೆ ಎದುರಾಡುತ್ತಿದ್ದ. ಡೈರಿಯಲ್ಲಿ ಕೆಂಪು ಶಾಯಿಯ ಷರಾ: 'ಪಾಠಕ್ಕೆ ಅಡ್ಡಿ ಮಾಡುತ್ತಾನೆ. ಪೋಷಕರು ಗಮನ ಹರಿಸಬೇಕು.' ಕೆಳಗೆ ಅಪ್ಪನ ಸಹಿ. ಪುಟ ತಿರುಗಿಸಿದರೆ ಮತ್ತೆ ಅದೇ ಷರಾ, ಅದೇ ಸಹಿ. ಮನೆಯಲ್ಲಿ ಮೊದಲು ಟಿವಿ ನಿಂತಿತು, ಆಮೇಲೆ ಸಂಜೆಯ ಆಟವೂ ನಿಂತಿತು. ಕರೆಸಿದಾಗ ತಾಯಿ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಮನೆಯಲ್ಲಿ ಇವನು ಹೀಗಿಲ್ಲ ಮೇಡಂ" ಎಂದರು. ಎಲ್ಲ ತಾಯಂದಿರೂ ಹೇಳುವ ಮಾತೇ ಎಂದು ಅದನ್ನು ತಳ್ಳಿಹಾಕಲಾಯಿತು. ಆಕೆ ಹೇಳಿದ್ದು ನಿಜವಾಗಿತ್ತು.

ಸಹೋದ್ಯೋಗಿ ಕೇಳಿಕೊಂಡಿದ್ದರಿಂದ ಆ ಅವಧಿಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಂಡಿದ್ದೆ: ಮುಂಚೆ ಏನಾಯಿತು, ಹುಡುಗ ಏನು ಮಾಡಿದ, ಅದರಿಂದ ಅವನಿಗೆ ಏನು ಸಿಕ್ಕಿತು. ಮಕ್ಕಳು ಸರದಿಯಂತೆ ಎದ್ದು ಗಟ್ಟಿಯಾಗಿ ಓದುತ್ತಿದ್ದರು. ಸರದಿ ಅವನ ಸಾಲಿಗೆ ಬರುತ್ತಲೇ ಕಾಲು ಕುಣಿಸತೊಡಗಿದ. ಪಕ್ಕದವನು ಓದಲು ಎದ್ದಾಗ ಪುಸ್ತಕ ನೆಲಕ್ಕೆ ಬಿತ್ತು. ಶಿಕ್ಷಕಿ ಅವನನ್ನು ಹೊರಗೆ ನಿಲ್ಲಿಸಿದರು, ಸರದಿ ಅವನನ್ನು ದಾಟಿ ಮುಂದಕ್ಕೆ ಹೋಯಿತು. ಮೂರನೆಯ ಕಾಲಂನಲ್ಲಿ 'ಓದುವುದು ತಪ್ಪಿತು' ಎಂದು ಬರೆದೆ. ಮರುದಿನವೂ ಹೀಗೆಯೇ ನಡೆಯಿತು. ಅವನಿಗೆ ಒತ್ತಕ್ಷರಗಳು ಓದಲು ಬರುತ್ತಿರಲಿಲ್ಲ. ಇಡೀ ತರಗತಿಯ ಮುಂದೆ ಅದು ಬಯಲಾಗುವುದಕ್ಕಿಂತ ತುಂಟನೆನಿಸಿಕೊಂಡು ಹೊರಗೆ ನಿಲ್ಲುವುದೇ ಅವನಿಗೆ ಮೇಲೆನಿಸಿತ್ತು.

ಅವನು ಓದಬೇಕಾದ ನಾಲ್ಕು ಸಾಲುಗಳನ್ನು ಹಿಂದಿನ ದಿನವೇ ಗುರುತು ಮಾಡಿಕೊಟ್ಟು, ಬಿಡುವಿನಲ್ಲಿ ಓದಿಸಿಕೊಂಡು, ತರಗತಿಯಲ್ಲಿ ಸರದಿ ಅವನಿಂದಲೇ ಶುರುವಾಗುವಂತೆ ಮಾಡಿದೆವು. ಕೆಲವೇ ವಾರಗಳಲ್ಲಿ ಪುಸ್ತಕ ತಳ್ಳುವುದು ನಿಂತಿತು. ಓದು ಹಿಡಿತಕ್ಕೆ ಬರಲು ಮಾತ್ರ ಆ ವರ್ಷ ಪೂರ್ತಿ ಬೇಕಾಯಿತು. ಇದರಲ್ಲಿ ಅಪ್ಪನ ಸಹಿಗೆ ಯಾವ ಕೆಲಸವೂ ಇರಲಿಲ್ಲ.

ಇದು ಒಬ್ಬನ ಕಥೆಯಷ್ಟೇ ಎನ್ನಬೇಡಿ. ಮಗುವಿನ ತಂಟೆಗೆ ಒಂದು ಉದ್ದೇಶವಿರುತ್ತದೆ, ಕಷ್ಟದ ಕೆಲಸ ತಪ್ಪಿಸಿಕೊಳ್ಳುವುದೋ ಯಾರದಾದರೂ ಗಮನ ಸೆಳೆಯುವುದೋ ಅದರ ಹಿಂದೆ ಇರುತ್ತದೆ ಎಂಬುದು ವರ್ತನೆಯ ಅಧ್ಯಯನದಲ್ಲಿ ತೊಡಗಿದವರೆಲ್ಲ ಬಲ್ಲ ಮಾತು. ಆ ಉದ್ದೇಶ ಕಾಣಬೇಕಾದರೆ ತಂಟೆ ನಡೆಯುವ ಜಾಗದಲ್ಲೇ, ನಡೆಯುವ ಹೊತ್ತಿನಲ್ಲೇ ಕಣ್ಣಿಟ್ಟಿರಬೇಕು. ಅಲ್ಲಿರುವುದು ಶಿಕ್ಷಕರು. ಮನೆಯಲ್ಲಿ ಕುಳಿತ ಅಪ್ಪನಿಗೆ ಅದು ಹೇಗೆ ಕಂಡೀತು?

ಪೋಷಕರು ಕೈಹಾಕಿದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಮಾಧ್ಯಮಿಕ ಹಂತದ ಮಕ್ಕಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ ವಿಶ್ಲೇಷಿಸಿದರು. ಓದಿನ ಮಹತ್ವ ಹೇಳುವ, ಮುಂದಿನ ಕನಸುಗಳ ಬಗ್ಗೆ ಮಕ್ಕಳೊಂದಿಗೆ ಮಾತಾಡುವ ಪೋಷಕರಿಂದ ಕಲಿಕೆಗೆ ಅನುಕೂಲ ಕಂಡಿತು. ಹೋಂವರ್ಕ್‌ಗೆ ನೆರವಾಗುವುದರಿಂದ ಅಂಥ ಅನುಕೂಲ ಕಾಣಲಿಲ್ಲ. ಅದು ಕಲಿಕೆಯ ಅಧ್ಯಯನ, ನಡತೆಯದ್ದಲ್ಲ. ಆದರೂ ಎಚ್ಚರಿಕೆ ನಡತೆಗೂ ಸಲ್ಲುತ್ತದೆ.

ಮೇಜಿನ ಸುತ್ತ ಕುಳಿತವರೆಲ್ಲ ಸಮಾನರು ಎನ್ನುತ್ತಾರೆ. ಹಾಗಾದರೆ ಆ ತಾಯಿ ಯಾಕೆ ಕೂರಲಿಲ್ಲ? ಸಮಾಜಶಾಸ್ತ್ರಜ್ಞೆ ಅನೆಟ್ ಲರೋ ಅಮೆರಿಕದ ಕುಟುಂಬಗಳ ನಡುವೆ ಇದ್ದು ನಡೆಸಿದ ಅಧ್ಯಯನದಲ್ಲಿ ಇದು ಎದ್ದು ಕಾಣುತ್ತದೆ. ಮಧ್ಯಮ ವರ್ಗದ ಪೋಷಕರು ಶಿಕ್ಷಕರನ್ನು ಪ್ರಶ್ನಿಸುತ್ತಾರೆ, ಮಗುವಿಗಾಗಿ ವಾದಿಸುತ್ತಾರೆ; ದುಡಿಯುವ ವರ್ಗದವರು ಶಾಲೆಯೆದುರು ಹಿಂಜರಿದು ನಿಲ್ಲುತ್ತಾರೆ. ಪಾಲುದಾರಿಕೆಯನ್ನೇ ನೆಚ್ಚಿಕೊಂಡರೆ, ಪರವಾಗಿ ಮಾತಾಡುವವರಿಲ್ಲದ ಮಗುವೇ ಶಾಲೆಯ ಅತಿ ಕೆಟ್ಟ ಮಗುವಾಗಿ ಉಳಿಯುತ್ತದೆ. ಇದು ನನ್ನನ್ನು ಕಾಡುವಷ್ಟು ಬೇರೆ ಯಾವುದೂ ಕಾಡುವುದಿಲ್ಲ.

ಸಮುದಾಯದ ಮಾತಂತೂ ಇನ್ನೂ ಅಪಾಯದ್ದು. ಹತ್ತು ವರ್ಷದ ಮಗುವಿನ ತಂಟೆ ತರಗತಿಯ ಗೋಡೆ ದಾಟಿ ನೆರೆಹೊರೆಯವರ ಬಾಯಿಗೆ ಬಿದ್ದರೆ, ಆ ಹಣೆಪಟ್ಟಿ ಕೀಳುವುದು ಯಾರಿಂದಲೂ ಆಗದು.

ದಿನದ ಕಾರ್ಡಿನಿಂದ ಮಕ್ಕಳು ಸುಧಾರಿಸುತ್ತಾರೆ ಎಂಬ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲಿ ಫಲ ಕೊಡುವುದು ಮನೆಯ ಸಹಿ ಎಂದು ನಾನು ಒಪ್ಪುವುದಿಲ್ಲ. ಬೆಳಗಿನ ಹೊತ್ತು ಶಾಲೆಯ ಹಿರಿಯರೊಬ್ಬರು ಆ ಮಗುವಿಗಾಗಿ ಕಾದು, ಹೆಸರು ಹಿಡಿದು ಮಾತಾಡಿಸುತ್ತಾರಲ್ಲ, ಫಲ ಕೊಡುವುದು ಅದು.

ಶಿಕ್ಷಕರಿಗೆ ಪುರುಸೊತ್ತಿಲ್ಲ ಎಂಬ ಉತ್ತರ ಬರುತ್ತದೆ. ಪೋಷಕರ ಸಭೆಗಳಿಗೆ, ಷರಾ ಬರೆಯುವುದಕ್ಕೆ, ವಿವರಣೆ ಕೇಳುವುದಕ್ಕೆ ಹೋಗುವ ಹೊತ್ತಿನ ಅರ್ಧವನ್ನು ತೆಗೆದು, ಒಬ್ಬ ಶಿಕ್ಷಕರು ಇನ್ನೊಬ್ಬರ ತರಗತಿಯಲ್ಲಿ ವಾರಕ್ಕೊಂದು ಅವಧಿ ಕುಳಿತು ನೋಡುವಂತೆ ವೇಳಾಪಟ್ಟಿ ಹಾಕಲಿ. ಅದಕ್ಕೆ ಹೊಸ ಸಮಿತಿ ಬೇಡ, ಹೊಸ ಹಣ ಬೇಡ, ಮುಖ್ಯ ಶಿಕ್ಷಕರ ಒಂದು ಆದೇಶ ಸಾಕು.